ತೈವೊನ ಪಾಲು

ಗಾಜಿನ ಪೆಟ್ಟಿಗೆಯೊಳಗೆ ನಿಂತಿದ್ದ ಮರದ ಮಗುವಿನ ತುಟಿಯ ಮೇಲೆ ಎಣ್ಣೆ ಇನ್ನೂ ಹಸಿಯಾಗಿತ್ತು.

ಇನ್‌ಸ್ಪೆಕ್ಟರ್ ಅರಿನೋಲ ನೆಲಕ್ಕೆ ಮಂಡಿಯೂರಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಳು. ಕೆಂಪು ತಾಳೆ ಎಣ್ಣೆ. ತುಟಿಯ ಸಂದಿನಲ್ಲಿ ಸಾಸಿವೆ ಕಾಳಿನಷ್ಟು ಹಿಟ್ಟು. ಗೊಂಬೆಯ ಪಾದದ ಬಳಿ, ಬಾಳೆಲೆಯ ಚೂರಿನ ಮೇಲೆ ಅರ್ಧ ಅಕರಾ. ಅಲಸಂದೆ ರುಬ್ಬಿ ಕರಿದ ಆ ವಡೆ ಇನ್ನೂ ಮೆತ್ತಗೇ ಇತ್ತು.

"ಮೇಡಂ," ಸಾರ್ಜೆಂಟ್ ಎಫಿಯೊಂಗ್ ಅವಳ ಭುಜದ ಮೇಲಿಂದ ಇಣುಕಿದ. "ನಿಮ್ಮ ಯೊರುಬಾ ಜನರ ಗೊಂಬೆಗಳಿಗೂ ಹೊಟ್ಟೆ ಹಸಿಯುತ್ತಾ? ಬೆಳಗ್ಗೆಯಿಂದ ನಾನೂ ಏನೂ ತಿಂದಿಲ್ಲ. ನನಗ್ಯಾರೂ ತಂದುಕೊಡ್ಲಿಲ್ಲ."

"ಅದನ್ನ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ."

"ಮುಟ್ಟಲ್ಲಪ್ಪಾ. ನಮ್ಮೂರು ಕಲಬಾರ್‌ನಲ್ಲಿ ನಮ್ಮಜ್ಜಿಯ ಅಜ್ಜಿ ಕಾಲದಲ್ಲಿ ಅವಳಿ ಹುಟ್ಟಿದ್ರೆ ಊರಿಗೆ ಊರೇ ಹೆದರಿ ಬಾಗಿಲು ಹಾಕ್ಕೋತಿತ್ತಂತೆ. ನೀವು ನೋಡಿದ್ರೆ ಸತ್ತೋರನ್ನೂ ಕೂರಿಸಿ ಉಣ್ಣಿಸ್ತೀರಿ."

"ಸತ್ತೋರಿಗೋಸ್ಕರ ಅಲ್ಲ ಕಣೋ. ಬದುಕಿರೋರಿಗೋಸ್ಕರ." ಅರಿನೋಲ ಮೇಲೆದ್ದಳು. "ಅವಳಿ ಅಂದ್ರೆ ಎರಡು ಮೈ, ಒಂದೇ ಜೀವ. ಒಂದು ತೀರಿಹೋದ್ರೆ ತಾಯಿ ಅದಕ್ಕೊಂದು ಮರದ ಮೈ ಕೆತ್ತಿಸ್ತಾಳೆ. ಉಳಿದ ಮಗು ಉಣ್ಣುವಾಗ ಅದಕ್ಕೂ ಒಂದು ತುತ್ತು. ಇದಕ್ಕೆ ಸ್ನಾನ ಅಂದ್ರೆ ಅದಕ್ಕೂ ಸ್ನಾನ. ಒಂದಕ್ಕೆ ಕೊಟ್ಟು ಇನ್ನೊಂದನ್ನ ಮರೆತರೆ, ಹೋದ ಮಗು ಇರೋ ಮಗೂನ ಕರೆಯುತ್ತೆ ಅಂತಾರೆ."

ಎಫಿಯೊಂಗ್‌ನ ನಗು ಅಲ್ಲಿಗೇ ನಿಂತಿತು.

ಇರುವ ಮಗುವಿನ ಹೆಸರು ಕೆಹಿಂಡೆ. ಆರು ವರ್ಷದ ಹುಡುಗಿ. ಮಧ್ಯಾಹ್ನ ಶಾಲೆಯ ಮಕ್ಕಳ ಸಾಲಿನಲ್ಲಿ ಈ ಮ್ಯೂಸಿಯಂ ನೋಡಲು ಬಂದವಳು, ಮಕ್ಕಳು ಬಸ್ಸು ಹತ್ತುವಾಗ ಸಾಲಿನಲ್ಲಿರಲಿಲ್ಲ. ಗಾಜಿನೊಳಗೆ ನಿಂತಿದ್ದುದು ಅವಳ ಜೊತೆಗೇ ಹುಟ್ಟಿ, ಎರಡು ತುಂಬುವುದರೊಳಗೆ ಜ್ವರಕ್ಕೆ ಬಲಿಯಾದ ತೈವೊನ ಗೊಂಬೆ.

ಕಿಟಕಿಯ ಹೊರಗೆ ಅಬೆಯೊಕುಟದ ತಗಡಿನ ಛಾವಣಿಗಳೆಲ್ಲ ಹರ್ಮಟ್ಟಾನ್ ಗಾಳಿಯ ಧೂಳಿನಲ್ಲಿ ಮುಳುಗಿದ್ದವು. ಮರುಭೂಮಿಯ ಧೂಳನ್ನು ಹೊತ್ತು ತರುವ ಆ ಗಾಳಿ ಬಂದಾಗಿನಿಂದ ಹಗಲಿಗೂ ಒಂದು ಬಗೆಯ ಮಂಕು. ಸಂಜೆಯ ಸೂರ್ಯ ಹಳೆಯ ತಾಮ್ರದ ತಟ್ಟೆಯ ಹಾಗೆ ಬಂಡೆಗಳ ಮೇಲೆ ತೂಗುತ್ತಿದ್ದ. ಗೋಡೆಯುದ್ದಕ್ಕೂ ತೂಗುಹಾಕಿದ್ದ ಮುಖವಾಡಗಳ ಕಣ್ಣಿನ ತೂತುಗಳಲ್ಲಿ ಆಗಲೇ ಕತ್ತಲೆ ಸೇರಿಕೊಂಡಿತ್ತು.

ಮ್ಯೂಸಿಯಂನವರು ಆಗಲೇ ತೆಗೆದುಕೊಟ್ಟಿದ್ದ ಪೆಟ್ಟಿಗೆಯ ಬೀಗವನ್ನು ಅರಿನೋಲ ಮತ್ತೊಮ್ಮೆ ನೋಡಿದಳು. ಒಡೆದಿರಲಿಲ್ಲ, ಗೀರೂ ಬಿದ್ದಿರಲಿಲ್ಲ. ಯಾರೋ ಕೀಲಿ ಹಾಕಿ ತೆಗೆದು, ಉಣ್ಣಿಸಿ, ಮತ್ತೆ ಬೀಗ ಹಾಕಿ ಹೋಗಿದ್ದಾರೆ.

"ಲಾಗೋಸ್ ರಸ್ತೆ, ಇಬಾದಾನ್ ರಸ್ತೆ ಎರಡೂ ಕಡೆ ನಾಕಾಬಂದಿ ಹಾಕಿದ್ದಾರೆ ಮೇಡಂ," ಎಂದ ಎಫಿಯೊಂಗ್. "ಹೆದ್ದಾರಿ ಕಳ್ಳರದೇ ಕೆಲಸ ಅಂತ ಸಾಹೇಬರು ಹೇಳ್ತಿದ್ದಾರೆ. ಮಗುವಿನ ಅಪ್ಪ ಪಾಸ್ಟರ್ ಡೋತುನ್ ಕೂಡ ಅದನ್ನೇ ಹೇಳ್ತಿದ್ದಾರೆ. ಚರ್ಚಿನವರನ್ನೆಲ್ಲ ಕಟ್ಟಿಕೊಂಡು ಠಾಣೆ ಮುಂದೆ ಪ್ರಾರ್ಥನೆಗೆ ಕೂತಿದ್ದಾರೆ."

"ಹೆದ್ದಾರಿ ಕಳ್ಳರು ಮಗೂನ ಹೊತ್ಕೊಂಡು ಹೋಗೋ ಮುಂಚೆ ಅದರ ತಮ್ಮನಿಗೆ ವಡೆ ತಿನ್ನಿಸ್ತಾರಾ?"

"ತಮ್ಮನಾ? ಮೊದಲು ಹುಟ್ಟಿದ್ದು ಹುಡುಗ ಅಂದ್ರಲ್ಲ?"

"ಮೊದಲು ಬಂದೋನು ಚಿಕ್ಕೋನು. ಲೋಕ ಹೇಗಿದೆ ನೋಡ್ಕೊಂಡು ಬಾ ಅಂತ ಒಳಗಿರೋ ದೊಡ್ಡೋಳು ಅವನನ್ನ ಮುಂದೆ ಕಳಿಸಿರ್ತಾಳೆ. ನಿನಗಿದೆಲ್ಲ ಎಲ್ಲಿ ಅರ್ಥ ಆಗ್ಬೇಕು." ಅವಳ ದನಿ ತಗ್ಗಿತು. "ಅರ್ಧ ವಡೆ ಇಲ್ಲಿದೆ ಎಫಿಯೊಂಗ್. ಇನ್ನರ್ಧ ಎಲ್ಲಿ? ಅದು ಕೆಹಿಂಡೆಯ ಹೊಟ್ಟೆಯಲ್ಲಿದೆ. ಅವಳು ಕಾಣೆಯಾಗೋ ಸ್ವಲ್ಪ ಮುಂಚೆ ಯಾರೋ ಅವಳಿಗೆ ತಿನ್ನೋಕೆ ಕೊಟ್ಟಿದ್ದಾರೆ. ಅವಳಿ ಮನೆಯ ರೀತಿ ರಿವಾಜು ಬಲ್ಲೋರು. ತೈವೊನ ಪಾಲು ತೈವೊಗೆ ಇಡದೆ ಅವರ ಕೈ ಮುಂದಕ್ಕೆ ಹೋಗಿಲ್ಲ."

ಹಜಾರದ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಮ್ಯೂಸಿಯಂನ ನಿರ್ದೇಶಕ ಡಾಕ್ಟರ್ ಶೋಕುನ್ಬಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒದ್ದೆ ಕರವಸ್ತ್ರ. ಅರೋಮಿರೆ ಮನೆತನದ ಹಳೆಯ ಬಂಗಲೆಯಲ್ಲಿದ್ದ ಈ ಮ್ಯೂಸಿಯಂಗೆ ಅವರು ನಿರ್ದೇಶಕರಾಗಿ ಬಂದು ಇನ್ನೂ ಒಂದು ಮಳೆಗಾಲವಾಗಿರಲಿಲ್ಲ.

"ಇನ್‌ಸ್ಪೆಕ್ಟರ್, ಪತ್ರಿಕೆಯವರು ಗೇಟಿನ ಹತ್ತಿರ ಬಂದಿದ್ದಾರೆ. ಈ ತಿಂಡಿ ಗಿಂಡಿ ವಿಷಯ ಹೊರಗೆ ಹೋಗೋದು ಬೇಡ. ನಮ್ಮದು ಮ್ಯೂಸಿಯಂ, ಗುಡಿಯಲ್ಲ."

"ಇಲ್ಲಿ ಗೊಂಬೆಗೆ ಉಣ್ಣಿಸ್ತಾರೆ ಅನ್ನೋದು ನಿಮಗೆ ಮೊದಲೇ ಗೊತ್ತಿತ್ತು."

ಶೋಕುನ್ಬಿ ಕರವಸ್ತ್ರವನ್ನು ಮಡಚಿದರು, ಬಿಡಿಸಿದರು. "ಮಗುವಿನ ತಾಯಿ ಬರ್ತಾಳೆ ಅಂತ ಕೇಳಿದ್ದೆ. ವಾರದಲ್ಲಿ ಮೂರು ನಾಲ್ಕು ಸಲ. ಟಿಕೆಟ್ ತಗೊಂಡೇ ಬರ್ತಾಳೆ. ಗೊಂಬೆ ಮುಖ ತೊಳೀತಾಳೆ, ಏನೋ ತಿನ್ನಿಸ್ತಾಳೆ, ಹಾಡ್ತಾಳೆ. ಹಿಂದಿನ ನಿರ್ದೇಶಕರ ಕಾಲದಿಂದ ನಡ್ಕೊಂಡು ಬಂದಿದೆ. ಹೆತ್ತ ಕರುಳು, ಹೇಗೆ ಬೇಡ ಅನ್ನೋದು?"

"ನೀವು ಅವಳನ್ನ ನೋಡಿದ್ದೀರಾ?"

"ಬೆನ್ನು ನೋಡಿದ್ದೀನಿ. ನೀಲಿ ಬಟ್ಟೆ, ನೀಲಿ ತಲೆಕಟ್ಟು. ಮುಖ ನೋಡಿಲ್ಲ."

"ಪೆಟ್ಟಿಗೆ ಕೀಲಿ?"

"ಒಂದು ನನ್ನ ಹತ್ರ. ಇನ್ನೊಂದು ಹಿಂದಿನ ಗುಡಿಸಲಲ್ಲಿ ಕೆಲಸ ಮಾಡೋ ಬಾಬಾ ಲಸಿಸಿ ಹತ್ರ. ಮರಕ್ಕೆ ಹುಳ ಬೀಳದ ಹಾಗೆ ಎಣ್ಣೆ ಹಚ್ಚೋದು ಅವರೇ."

ಅರಿನೋಲ ಪೆಟ್ಟಿಗೆಯೊಳಗೆ ಕೈ ಹಾಕಿ ಬಾಳೆಲೆಯ ಚೂರನ್ನು ಮೆಲ್ಲಗೆ ಎತ್ತಿದಳು. ಅದರಡಿಯಲ್ಲಿ ಇನ್ನೊಂದು ಎಲೆ ಮುದುಡಿಕೊಂಡು ಬಿದ್ದಿತ್ತು. ಬೆರಳಿಗೆ ಗರಗರ ತಾಗುವ ಗರಗತ್ತಿ ಎಲೆ. ಚೆಲ್ಲಿದ ಎಣ್ಣೆಯನ್ನು ಪೀಠದಿಂದ ಒರೆಸಿ, ಅವಸರದಲ್ಲಿ ಅಲ್ಲೇ ಬಿಟ್ಟುಹೋದ ಹಾಗಿತ್ತು. ತಾಯಂದಿರು ಸೆರಗಲ್ಲಿ ಒರೆಸುತ್ತಾರೆ. ಮರ ನುಣುಪು ಮಾಡುವ ಎಲೆಯಲ್ಲಿ ಒರೆಸುವವರು ಮರದ ಕೆಲಸದವರು ಮಾತ್ರ.

ಅವಳು ಆ ಎಲೆಯನ್ನು ಜೇಬಿಗಿಟ್ಟುಕೊಂಡಳು. ಆದರೆ ಗುಡಿಸಲಿಗೆ ಹೋಗುವ ಮುಂಚೆ ತಾಯಿಯನ್ನು ನೋಡಬೇಕಿತ್ತು.

ಯೆವಾಂಡೆ ಹಜಾರದ ಹೊರಗಿನ ಕಲ್ಲು ಬೆಂಚಿನ ಮೇಲೆ ಕುಳಿತಿದ್ದಳು. ಅಂಗಳದಲ್ಲಿ ಮಗಳ ಒಂದು ಚಪ್ಪಲಿ ಸಿಕ್ಕಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಅದರ ಪಟ್ಟಿಯನ್ನು ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು. ಅತ್ತು ಅತ್ತು ಕಣ್ಣಲ್ಲಿ ನೀರು ಬತ್ತಿತ್ತು. ಅರಿನೋಲ ಪಕ್ಕದಲ್ಲಿ ಕುಳಿತಳು.

"ನೀನಿಲ್ಲಿಗೆ ಬರ್ತಿದ್ದ ವಿಷಯ ನಿನ್ನ ಗಂಡನಿಗೆ ನಾನು ಹೇಳಲ್ಲ ಯೆವಾಂಡೆ," ಎಂದಳು.

ಯೆವಾಂಡೆ ತಲೆಯೆತ್ತಿದಳು. "ಎಲ್ಲಿಗೆ?"

"ಇಲ್ಲಿಗೆ. ತೈವೊ ಹತ್ರ."

"ನಾನು ಇಲ್ಲಿಗೆ ಬಂದೇ ಇಲ್ಲ ಅಕ್ಕಾ. ಇವತ್ತೇ ಮೊದಲು." ಅವಳು ಚಪ್ಪಲಿಯ ಪಟ್ಟಿಯನ್ನು ಬಿಗಿದಳು. "ಇದು ದೆವ್ವದ ಪೂಜೆ, ಮನೆಯಲ್ಲಿ ಬೇಡ ಅಂತ ಹೇಳಿ ಅವರೇ ಗೊಂಬೇನ ಪೇಪರಲ್ಲಿ ಸುತ್ತಿ ತಂದು ಇಲ್ಲಿ ಕೊಟ್ಟರು. ಮತ್ತೆ ಆ ಕಡೆ ತಲೆ ಹಾಕಲ್ಲ ಅಂತ ನನ್ನ ಕೈಯಿಂದ ಬೈಬಲ್ ಮುಟ್ಟಿಸಿದರು. ನಾನು ಹಾಕಿಲ್ಲ. ಬೀದಿ ಸುತ್ತಿ ಬೇರೆ ದಾರೀಲಿ ಮಾರ್ಕೆಟ್‌ಗೆ ಹೋಗ್ತೀನಿ, ಈ ಗೇಟು ಕಾಣಬಾರದು ಅಂತ."

ಹೆದರಿದ ಹೆಂಗಸು ಸುಳ್ಳು ಹೇಳುವುದನ್ನು ಅರಿನೋಲ ತನ್ನ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದಳು. ಅವಳಿಗೆ ಸಿಟ್ಟು ಬರಲಿಲ್ಲ. "ಒಳಗೆ ಬಾ," ಎಂದು ಕೈಹಿಡಿದು ಎಬ್ಬಿಸಿದಳು.

ಪೆಟ್ಟಿಗೆಯ ಮುಂದೆ ಬಂದೊಡನೆ ಯೆವಾಂಡೆ ಕೈ ಕೊಡವಿಕೊಂಡು ಓಡಿದಳು. ಗೊಂಬೆಯನ್ನು ಎತ್ತಿಕೊಂಡು ಎದೆಗೊತ್ತಿಕೊಳ್ಳಲು ಹೋದವಳು ಥಟ್ಟನೆ ನಿಂತಳು. ಗೊಂಬೆಯನ್ನು ತೋಳಿನಷ್ಟು ದೂರಕ್ಕೆ ಹಿಡಿದು ದಿಟ್ಟಿಸಿದಳು. ಹೆಬ್ಬೆರಳಿನಿಂದ ಅದರ ಮೂಗನ್ನು ಸವರಿದಳು. ಹಣೆಯನ್ನು, ಕೆನ್ನೆಯ ಮೇಲಿನ ಕುಲದ ಮೂರು ಗೀರುಗಳನ್ನು.

"ಏನಾಯ್ತು?"

"ಇವನ ಮೂಗು ಚೂಪಾಗಿತ್ತು." ಯೆವಾಂಡೆಯ ದನಿ ಪಿಸುಗುಟ್ಟಿದ ಹಾಗಿತ್ತು. "ಕೊಡುವಾಗ ಗೀರುಗಳು ಕೈಗೆ ಚುಚ್ಚೋ ಹಾಗಿದ್ದವು. ನಾನು ಸಾಕಿದ್ದೇ ಸ್ವಲ್ಪ ಕಾಲ ಅಲ್ವಾ. ಈಗ ನೋಡಿ, ಸವೆದು ಹೋಗಿದೆ. ತಲೆಗೆ ನೀಲಿ ಹಚ್ಚಿದ್ದಾರೆ, ನಿನ್ನೆ ಮೊನ್ನೆ ಹಚ್ಚಿದ್ದು. ತೊಳೆದು ತೊಳೆದು, ಮುಖ ಒರೆಸಿ ಒರೆಸಿ..." ಅವಳು ಅರಿನೋಲಳ ಕಡೆ ತಿರುಗಿದಳು. ಆ ಕಣ್ಣುಗಳಲ್ಲಿ ಆಗ ಕಂಡದ್ದು ಅಳು ಅಲ್ಲ, ಭಯವೂ ಅಲ್ಲ. ಹೊಟ್ಟೆಕಿಚ್ಚು. "ಅಕ್ಕಾ, ನನ್ನ ಮಗನ್ನ ಯಾರೋ ಸಾಕಿದ್ದಾರೆ."

ಅರಿನೋಲ ಟಾರ್ಚನ್ನು ಗೊಂಬೆಯ ಸವೆದ ಮುಖಕ್ಕೆ ಹಿಡಿದಳು.

ಇವಳು ನಾಟಕ ಆಡುತ್ತಿದ್ದರೆ ಇಂಥ ನಾಟಕ ತಾನು ನೋಡಿಲ್ಲ. ಆಡುತ್ತಿಲ್ಲವಾದರೆ?

"ಎಫಿಯೊಂಗ್," ಎಂದಳು. "ಗುಡಿಸಲಿಗೆ ನಡಿ. ಯೆವಾಂಡೆ, ನೀನು ಇಲ್ಲೇ ಇರು. ಕರೆದಾಗ ಬಾ."

ಬಂಗಲೆಯ ಹಿಂದೆ ಬಂಡೆಗೆ ಒರಗಿಸಿ ಕಟ್ಟಿದ್ದ ಗುಡಿಸಲು. ಮುಂದೆ ಮರದ ಹೊಟ್ಟಿನ ರಾಶಿ, ಕಟ್ಟಿಹಾಕಿದ್ದ ಒಂದು ಮೇಕೆ. ಪ್ರವಾಸಿಗರು ಬಂದಾಗ ಕೆತ್ತನೆ ಮಾಡಿ ತೋರಿಸುವುದು ಬಾಬಾ ಲಸಿಸಿಯ ಕೆಲಸ. ಈಗ ಪ್ರವಾಸಿಗರು ಯಾರೂ ಇರಲಿಲ್ಲ. ಆದರೂ ಬಾಚಿಯ ಸದ್ದು ಕೇಳುತ್ತಿತ್ತು.

ಒಳಗೆ ಮುದುಕ ಕಾಲು ಚಾಚಿ ಕುಳಿತು ಮರದ ತುಂಡೊಂದಕ್ಕೆ ಬಾಚಿ ಹಾಕುತ್ತಿದ್ದ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಅರಿನೋಲ ಅವನ ಕೈ ನೋಡಿದಳು. ಏಟು ಒಂದೇ ಜಾಗಕ್ಕೆ ಬೀಳುತ್ತಿತ್ತು, ಮತ್ತೆ ಮತ್ತೆ ಅಲ್ಲಿಗೇ. ಮರಕ್ಕೆ ಯಾವ ರೂಪವೂ ಬರುತ್ತಿರಲಿಲ್ಲ.

ಪೊಲೀಸ್ ಬಟ್ಟೆಯಲ್ಲಿದ್ದರೂ ಅವಳು ಒಂದು ಮಂಡಿಯೂರಿ ನಮಸ್ಕರಿಸಿದಳು. "ಕೆಲಸ ಚೆನ್ನಾಗಿ ಸಾಗಲಿ ಬಾಬಾ."

"ಸಾಗಲಿ ಮಗಳೇ, ಸಾಗಲಿ." ಬಾಚಿ ನಿಲ್ಲಲಿಲ್ಲ. "ನಿಮ್ಮ ಹುಡುಗರಿಗೆ ಆಗಲೇ ಹೇಳಿದ್ದೀನಿ. ನಾನು ಯಾವ ಮಗೂನೂ ನೋಡಿಲ್ಲ. ನನ್ನ ಕಣ್ಣು ನೋಡಿದ್ದೀಯಲ್ಲ, ಒಂದು ಹೋಗಿದೆ."

"ಇನ್ನೊಂದು ಚೆನ್ನಾಗಿದೆಯಲ್ಲ ಅಜ್ಜ," ಎಂದ ಎಫಿಯೊಂಗ್. "ಅದು ಏನು ನೋಡ್ತು?"

"ನಿನ್ನ ಹೊಟ್ಟೆ ನೋಡ್ತು. ಊಟ ಮಾಡಿಲ್ಲ ನೀನು."

"ಅದು ನಿಜ ಮೇಡಂ," ಎಂದ ಎಫಿಯೊಂಗ್, ಅರಿನೋಲಳ ಕಡೆ ತಿರುಗಿ.

ಅರಿನೋಲ ನಗಲಿಲ್ಲ. ಜೇಬಿನಿಂದ ಗರಗತ್ತಿ ಎಲೆಯನ್ನು ತೆಗೆದು ಬಾಬಾನ ಕಾಲ ಬಳಿಯಿದ್ದ ಎಲೆಗಳ ರಾಶಿಯ ಮೇಲಿಟ್ಟಳು. ಅದು ಆ ರಾಶಿಯೊಳಗೆ ಬೆರೆತುಹೋಯಿತು.

ಬಾಚಿ ನಿಂತಿತು.

"ತೈವೊನ ಪೆಟ್ಟಿಗೆ ತೆಗೆದೋರು ನೀವು ಬಾಬಾ."

"ಹುಳ ಬೀಳುತ್ತೆ. ಎಣ್ಣೆ ಹಚ್ಚೋಕೆ ತೆಗೀತೀನಿ."

"ಹುಳಕ್ಕೆ ಅಕರಾ ತಿನ್ನಿಸ್ತೀರಾ?"

ಮುದುಕ ಬಾಚಿಯನ್ನು ಕೆಳಗಿಟ್ಟ.

"ಆ ಮಗೂಗೆ ಆರು ವರ್ಷ. ಹೊರಗೆ ಧೂಳು, ಕತ್ತಲಾಗ್ತಿದೆ. ಅದು ಎಲ್ಲೋ ಒಂದು ಕಡೆ ಅಮ್ಮಾ ಅಂತ ಅಳ್ತಿದೆ. ನೀವು ನನ್ನ ಅಪ್ಪನ ವಯಸ್ಸಿನೋರು. ನಿಮ್ಮನ್ನ ಠಾಣೆಗೆ ಎಳ್ಕೊಂಡು ಹೋಗೋ ಹಾಗೆ ಮಾಡಬೇಡಿ."

"ಎಳ್ಕೊಂಡು ಹೋಗು." ಬಾಬಾ ಎರಡೂ ಕೈ ಮುಂದೆ ಚಾಚಿದ. "ಇವತ್ತೇ ಹೋಗ್ತೀನಿ. ಆ ಮಗೂಗೆ ಏನಾದರೂ ಆದರೆ ಅದು ನನ್ನ ಈ ಕೈಯಿಂದಲೇ ಆದದ್ದು."

"ಏನು ಮಾಡಿದಿರಿ ಅದಕ್ಕೆ?"

ಮುದುಕನ ಒಳ್ಳೆಯ ಕಣ್ಣು ಒಂದು ಕ್ಷಣ ಗುಡಿಸಲಿನ ಮೂಲೆಗೆ ಹೋಗಿ ಬಂತು. ಅರಿನೋಲಳಿಗೆ ಅಷ್ಟು ಸಾಕಾಗಿತ್ತು. ಎಫಿಯೊಂಗ್‌ನೂ ಅದನ್ನು ನೋಡಿದ್ದ. ಅಲ್ಲಿ ಉಳಿ ಸುತ್ತಿಗೆಗಳ ಹಲಗೆಯ ಮೇಲೆ, ನೀಲಿಯಲ್ಲಿ ಅದ್ದಿದ ಹೊಸ ಬಟ್ಟೆಯಲ್ಲಿ ಸುತ್ತಿದ್ದ ಏನೋ ಒಂದು, ಮಗುವನ್ನು ಮಲಗಿಸಿದ ಹಾಗೆ ಮಲಗಿತ್ತು.

"ಬಿಚ್ಚಬೇಡ ಮಗನೇ!" ಬಾಬಾ ಕೂಗಿದ. "ಅವಳಿ ಇಲ್ಲದ ಮನೆಯೋನು ನೀನು, ನಿನಗೆ ಗೊತ್ತಾಗಲ್ಲ. ಅದನ್ನ ಬೆಳಕಿಗೆ ತರಬೇಡ!"

ಎಫಿಯೊಂಗ್ ಕೈ ಹಿಂದೆಳೆದುಕೊಂಡ.

ಅರಿನೋಲಳೇ ಹೋಗಿ ಬಟ್ಟೆಯನ್ನು ಬಿಚ್ಚಿದಳು.

ಗೊಂಬೆ. ಹೊಸದು. ಮರದ ವಾಸನೆ ಇನ್ನೂ ಹೋಗಿರಲಿಲ್ಲ. ತೈವೊನ ಗೊಂಬೆಯಷ್ಟೇ ಎತ್ತರ. ಕೆನ್ನೆಯ ಮೇಲೆ ಅದೇ ಮೂರು ಗೀರು, ಈಗಷ್ಟೇ ಕೆತ್ತಿದ್ದು, ಕೈಗೆ ಚುಚ್ಚುವ ಹಾಗಿದ್ದವು. ಸೊಂಟಕ್ಕೆ ಮಣಿಸರ. ತಲೆಯ ಮೇಲೆ ಎತ್ತಿ ಕಟ್ಟಿದ ಜಡೆ.

ಹೆಣ್ಣು ಮಗು.

ಅರಿನೋಲ ಮುದುಕನ ಕಡೆ ತಿರುಗಿದಳು. "ಬಾಬಾ," ಎಂದಳು. "ತೀರಿಹೋದ ಅವಳಿ ಮಗುವಿಗೆ ಮಾತ್ರ ಕೆತ್ತುತ್ತಾರೆ. ಇದು ಯಾರದು?"

"ತೈವೊನ ಅಕ್ಕನದು."

"ಕೆಹಿಂಡೆ ಬದುಕಿದ್ದಾಳೆ!"

"ನನಗೇನು ಗೊತ್ತಿತ್ತು?" ಮುದುಕ ತಲೆ ಚಚ್ಚಿಕೊಂಡ. "ಅವಳ ತಾಯಿ ಬಂದು ನನ್ನ ಕಾಲ ಹತ್ರ ಬಿದ್ದು ಅತ್ತಳು. 'ಬಾಬಾ, ಅವಳೂ ಹೋದಳು. ಇಬ್ಬರನ್ನೂ ಜೊತೆಗೆ ನಿಲ್ಲಿಸಬೇಕು, ಅವಳಿಗೂ ಒಂದು ಮೈ ಕೊಡಿ' ಅಂದಳು. ಭವಿಷ್ಯ ಹೇಳೋರ ಹತ್ರ ಹೋಗಿ ಕೇಳ್ಕೊಂಡು ಬಾ ಅನ್ನಬೇಕಿತ್ತು. ಅವರು ಅಪ್ಪಣೆ ಕೊಡದೆ ಅವಳಿ ಮರಕ್ಕೆ ಬಾಚಿ ಹಾಕಬಾರದು. ನಮ್ಮಪ್ಪ ಹಾಕ್ತಿರಲಿಲ್ಲ, ಅವರಪ್ಪ ಹಾಕ್ತಿರಲಿಲ್ಲ. ಆದರೆ ಹೆತ್ತವಳ ಅಳು ಮಗಳೇ... ಇಷ್ಟು ಕಾಲದಿಂದ ನೋಡ್ತಿದ್ದೀನಿ ಅವಳನ್ನ, ಮಗನ ಮುಖ ತೊಳೆಯೋದನ್ನ, ತಿನ್ನಿಸೋದನ್ನ. ಇವಳ ದುಃಖಕ್ಕೆ ಸಾಕ್ಷಿ ಬೇಕಾ ಅಂತ ಕೆತ್ತೋಕೆ ಕೂತೆ."

ಗಾಳಿ ಗುಡಿಸಲಿನ ತಗಡನ್ನು ಒಮ್ಮೆ ಬಡಿದು ಹೋಯಿತು. ಮೇಕೆ ಅರಚಿತು.

"ಇವತ್ತು ಮಧ್ಯಾಹ್ನ," ಬಾಬಾ ಮುಂದುವರಿಸಿದ, "ಇಸ್ಕೂಲ್ ಮಕ್ಕಳು ಬಂದರು. ಅದರಲ್ಲಿ ಒಂದು ಮಗು ಸಾಲು ಬಿಟ್ಟು ಇಲ್ಲಿಗೆ ಬಂತು. 'ಬಾಬಾ, ನಮ್ಮ ತೈವೊನ ಪೆಟ್ಟಿಗೆ ತೆಗೀತೀರಾ?' ಅಂತು. ಕೆನ್ನೆ ಮೇಲಿನ ಗೀರು ನೋಡಿದೆ. ಹೆಸರು ಕೇಳಿದೆ. ಕೆಹಿಂಡೆ ಅಂತು. ನನ್ನ ಕೈಲಿ ಅದೇ ಮಗುವಿನ ಗೊಂಬೆ ಇತ್ತು ಮಗಳೇ. ಎಣ್ಣೆ ಹಚ್ಚುತ್ತಾ ಕೂತಿದ್ದೆ."

"ಅಯ್ಯೋ ದೇವರೇ," ಎಂದ ಎಫಿಯೊಂಗ್.

"ಸತ್ತ ಮಗು ತನ್ನ ಗೊಂಬೆ ತಗೊಂಡು ಹೋಗೋಕೆ ಬಂದಿದೆ ಅಂದ್ಕೊಂಡೆ. ಗೇಟಿನಲ್ಲಿ ವಡೆ ಮಾರೋ ಹೆಂಗಸಿನ ಹತ್ರ ತರಿಸಿದ್ದ ಅಕರಾ ಇತ್ತು. ಒಂದು ಮುರಿದು ಕೊಟ್ಟೆ. ಸತ್ತೋರಾದರೆ ನುಂಗಲ್ಲ, ಬಾಯಿ ಹತ್ರ ಹಿಡೀತಾರೆ ಅಷ್ಟೆ." ಮುದುಕನ ಕಣ್ಣು ತುಂಬಿತು. "ತಿಂತು. ಗಬಗಬ ತಿಂತು. ಖಾರ ಅಂತ ಉಸ್ ಉಸ್ ಅಂತು, ನೀರು ಕೇಳ್ತು. ಉಳಿದ ಅರ್ಧ ಇದು ತೈವೊದು ಅಂತ ಅದೇ ಹೇಳ್ತು. ಕರ್ಕೊಂಡು ಹೋಗಿ ಪೆಟ್ಟಿಗೆ ತೆಗೆದೆ. ಅದರ ಕೈಯಾರೆ ತಿನ್ನಿಸ್ತು. ನನ್ನ ಕೈ ನಡುಗಿ ಎಣ್ಣೆ ಚೆಲ್ಲಿತು, ಒರೆಸಿದೆ."

"ಅಂದ್ರೆ ಅದು ಬದುಕಿದೆ ಅಂತ ನಿಮಗೆ ಆಗಲೇ ಗೊತ್ತಾಯ್ತು."

"ಗೊತ್ತಾಯ್ತು. ಬದುಕಿರೋ ಮಗುವಿಗೆ ಸಾವಿನ ಮೈ ಕೆತ್ತಿಟ್ಟಿದ್ದೀನಿ ಅಂತಾನೂ ಗೊತ್ತಾಯ್ತು. ಗುಂಡಿ ತೋಡಿಟ್ಟ ಹಾಗೆ ಅದು. ಇದನ್ನ ಒಲೆಗೆ ಹಾಕೋಣ ಅಂತ ಮಗೂನ ಕರ್ಕೊಂಡು ಇಲ್ಲಿಗೆ ವಾಪಸ್ ಬಂದೆ. ಬಂದರೆ, ಅವಳು ಇಲ್ಲಿ ಕೂತಿದ್ದಳು."

"ಯಾರು?"

"ತಾಯಿ. ಗೊಂಬೆ ತಗೊಂಡು ಹೋಗೋಕೆ ಬಂದಿದ್ದಳು. ಹೊಸ ಗೊಂಬೇನ ಬೆನ್ನಿಗೆ ಕಟ್ಕೊಂಡು ಹೋಗಬೇಕಲ್ಲ, ಅದಕ್ಕೆ ಬಟ್ಟೇನೂ ತಂದಿದ್ದಳು. ಮಗು ಅವಳನ್ನ ನೋಡಿದ್ದೇ ತಡ, ಅಮ್ಮಾ ಅಂತ ಓಡಿಹೋಗಿ ಕುತ್ತಿಗೆಗೆ ಜೋತುಬಿತ್ತು."

ಅರಿನೋಲ ಬಾಗಿಲಿಗೆ ಹೋಗಿ ಕೂಗಿದಳು. "ಯೆವಾಂಡೆ!"

ಯೆವಾಂಡೆ ಅಂಗಳ ದಾಟಿ ಓಡಿ ಬಂದಳು. ತೈವೊನ ಗೊಂಬೆಯನ್ನು ಅವಳು ಕೆಳಗಿಟ್ಟಿರಲಿಲ್ಲ, ಕಂಕುಳಲ್ಲೇ ಇತ್ತು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಒಳಗೆ ನೋಡಿದಳು. ಅರಿನೋಲ ಟಾರ್ಚನ್ನು ಅವಳ ಮುಖಕ್ಕೆ ಹಿಡಿದಳು.

"ಸರಿಯಾಗಿ ನೋಡಿ ಬಾಬಾ. ಇವಳೇನಾ?"

ಮುದುಕ ಎದ್ದು ಹತ್ತಿರ ಬಂದ. ಒಳ್ಳೆಯ ಕಣ್ಣನ್ನು ಕಿರಿದು ಮಾಡಿ ಯೆವಾಂಡೆಯ ಮುಖವನ್ನು ಬಹಳ ಹೊತ್ತು ನೋಡಿದ.

"ಯಾರಿವಳು?" ಎಂದ.

"ಅವಳಿಗಳ ತಾಯಿ."

"ಅಲ್ಲ." ಬಾಬಾ ಹಿಂದೆ ಸರಿದ. ಅವನ ಬೆನ್ನು ಗೋಡೆಗೆ ತಾಗಿತು. "ಇವಳನ್ನ ನಾನು ಯಾವತ್ತೂ ನೋಡೇ ಇಲ್ಲ."

ಯೆವಾಂಡೆಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವಳ ಕಣ್ಣು ಹಲಗೆಯ ಮೇಲಿದ್ದ ಹೊಸ ಗೊಂಬೆಯ ಮೇಲೆ ನೆಟ್ಟಿತ್ತು. ಮಣಿಸರದ ಮೇಲೆ, ಜಡೆಯ ಮೇಲೆ, ಆ ಮೂರು ಗೀರುಗಳ ಮೇಲೆ. ಯಾರೂ ಏನನ್ನೂ ವಿವರಿಸಬೇಕಾಗಿರಲಿಲ್ಲ. ಅವಳು ಚೀರಲಿಲ್ಲ. ಬಾಗಿಲ ಕಂಬ ಹಿಡಿದುಕೊಂಡು ಹಾಗೇ ನೆಲಕ್ಕೆ ಕುಸಿದು, ಹೆಸರಿಲ್ಲದ ಯಾರನ್ನೋ ಕೇಳುವ ಹಾಗೆ, "ನನ್ನ ಮಗು ಅವಳನ್ನ ಏನಂತ ಕರೀತು?" ಎಂದಳು.

ಅರಿನೋಲಳ ತಲೆಯೊಳಗೆ ಲೆಕ್ಕ ಓಡುತ್ತಿತ್ತು. ಗೊತ್ತಿಲ್ಲದವರ ಕುತ್ತಿಗೆಗೆ ಮಗು ಜೋತುಬೀಳುವುದಿಲ್ಲ. ಆ ಹೆಂಗಸು ಮರದ ಮಗನನ್ನಷ್ಟೇ ಸಾಕಲಿಲ್ಲ. ಶಾಲೆಯ ಬೇಲಿಯ ಹತ್ತಿರವೋ ದಾರಿಯಲ್ಲೋ, ಎಲ್ಲೋ ಒಂದು ಕಡೆ ಈ ಮಗಳನ್ನೂ ಮೆಲ್ಲಮೆಲ್ಲಗೆ ತನ್ನವಳಾಗಿ ಮಾಡಿಕೊಂಡಿದ್ದಾಳೆ.

"ಗೇಟ್ ಹೇಗೆ ದಾಟಿದಳು?" ಎಂದ ಎಫಿಯೊಂಗ್. ಅವನ ದನಿಯಲ್ಲಿ ಈಗ ತಮಾಷೆಯ ಎಳೆಯೂ ಇರಲಿಲ್ಲ. "ಇಸ್ಕೂಲ್ ಮಗು ಒಂದೂ ಹೊರಗೆ ಹೋಗಿಲ್ಲ ಅಂತ ಕಾವಲುಗಾರ ಆಣೆ ಮಾಡ್ತಾನೆ."

"ಅವನು ಸುಳ್ಳು ಹೇಳ್ತಿಲ್ಲ," ಎಂದ ಬಾಬಾ. "ಗೊಂಬೆಗೆ ಅಂತ ತಂದ ಬಟ್ಟೆಯಲ್ಲಿ ಮಗೂನ ಬೆನ್ನಿಗೆ ಕಟ್ಟಿಕೊಂಡಳು. ಧೂಳು ಅಂತ ತಲೆ ಮೇಲೆ ಮುಸುಕು ಎಳೆದಳು. ನಡೆದು ನಡೆದು ಸುಸ್ತಾಗಿತ್ತು ಮಗೂಗೆ, ಅಲ್ಲೇ ನಿದ್ದೆ ಹೋಯ್ತು. ಬೆನ್ನ ಮೇಲೆ ಮಗು ಮಲಗಿಸ್ಕೊಂಡು ಹೋಗೋ ತಾಯೀನ ಯಾರು ತಡೀತಾರೆ? ಕಾವಲುಗಾರ ಗೇಟು ತೆಗೆದು ಹುಷಾರಮ್ಮ ಅಂದ. ನಾನು ಇಲ್ಲಿಂದ ಕೇಳಿಸ್ಕೊಂಡೆ."

"ನೀವು? ನೀವೇನಂದಿರಿ?" ಅರಿನೋಲ ಅವನ ಎರಡೂ ಭುಜ ಹಿಡಿದು ಅಲುಗಿಸಿದಳು. ಹಿರಿಯರು ಎಂಬುದು ಅವಳಿಗೆ ಮರೆತೇಹೋಗಿತ್ತು.

"ಅಂದೆ ಮಗಳೇ. ಇವಳು ಬದುಕಿದ್ದಾಳಲ್ಲಮ್ಮ, ಸತ್ತಳು ಅಂದೆಯಲ್ಲ, ಈ ಗೊಂಬೇನ ಸುಟ್ಟುಬಿಡ್ತೀನಿ ಅಂದೆ." ಮುದುಕ ಹಲಗೆಯ ಮೇಲಿನ ಗೊಂಬೆಯತ್ತ ನೋಡಿದ. "ಅವಳು ನಕ್ಕಳು. ಮಗು ಎಚ್ಚರ ಆಗದ ಹಾಗೆ ತುಟಿ ಮೇಲೆ ಬೆರಳಿಟ್ಟಳು."

"ಆಮೇಲೆ?"

"ಸುಡಬೇಡಿ ಬಾಬಾ, ಹಾಗೇ ಇಟ್ಟಿರಿ ಅಂದಳು. ನಾಳೆ ಬೆಳಗ್ಗೆ ಬಂದು ತಗೊಂಡು ಹೋಗ್ತೀನಿ, ಅಷ್ಟೊತ್ತಿಗೆ ಬೇಕಾಗುತ್ತೆ ಅಂದಳು."